ಮಾತ್ರೆಗೆ ಮೊದಲು ಮಗ ಹುಟ್ಟಿದ ತಿಂಗಳು ನೋಡಿ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಎರಡನೇ ತರಗತಿ. ಹುಟ್ಟಿದ್ದು ಮೇ ಕೊನೆಯ ವಾರದಲ್ಲಿ. ಕೂತಲ್ಲಿ ಕೂರುವುದಿಲ್ಲ, ಪಕ್ಕದವರಿಗೂ ಬರೆಯಲು ಬಿಡುವುದಿಲ್ಲ ಎಂದು ಶಾಲೆಯವರು ಮೂರು ಸಲ ಕರೆಸಿ ಹೇಳಿದರು. ವೈದ್ಯರೊಬ್ಬರು ಕಾಲು ಗಂಟೆ ನೋಡಿ, ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂದು ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಅವನು ಅಜ್ಜನ ಜೊತೆ ಒಂದು ಗಂಟೆ ಚೌಕಾಬಾರ ಆಡುತ್ತಾನೆ. ‘ಗಂಡು ಮಕ್ಕಳೆಂದರೆ ಹಾಗೇ, ಇವನಪ್ಪನೂ ಹೀಗೇ ಇದ್ದ’ ಎನ್ನುತ್ತಾರೆ ನಮ್ಮ ಮಾವನವರು. ಮಾತ್ರೆ ತಂದಿಟ್ಟಿದ್ದೇನೆ, ಕೊಟ್ಟಿಲ್ಲ.
– ಹೆಸರು ಬೇಡ, ಶಿರಸಿ

ಉತ್ತರ: ಮಾತ್ರೆ ಕೊಡಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಕಾಲು ಗಂಟೆಯಲ್ಲಿ ಆ ಹೆಸರು ಹೇಗೆ ಬಂತು ಎಂದು ಕೇಳಬೇಕಾಗಿದೆ. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಾನಸಿಕ ತೊಂದರೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಗಮನ ಕೊರತೆಯ ಅಥವಾ ಅತಿಚಟುವಟಿಕೆಯ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು, ಆರು ತಿಂಗಳಿಂದಲಾದರೂ, ಮಗುವಿನ ವಯಸ್ಸಿಗೆ ಹೊಂದದಷ್ಟು ಪ್ರಮಾಣದಲ್ಲಿ ಇರಬೇಕು. ತೊಂದರೆ ಮನೆ, ಶಾಲೆಯಂಥ ಎರಡು ಕಡೆಯಲ್ಲಾದರೂ ಕಾಣಬೇಕು.

‘ವಯಸ್ಸಿಗೆ ಹೊಂದದಷ್ಟು’ ಎಂಬಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1ಕ್ಕೆ ವಯಸ್ಸಿನ ಲೆಕ್ಕ ಹಾಕುವುದರಿಂದ, ನಿಮ್ಮ ಮಗ ತರಗತಿಯ ಅತಿ ಕಿರಿಯರಲ್ಲಿ ಒಬ್ಬ. ಅವನ ಪಕ್ಕದ ಹುಡುಗ ಹನ್ನೊಂದು ತಿಂಗಳು ದೊಡ್ಡವನಿರಬಹುದು. ಡಿಸೆಂಬರ್ 31ಕ್ಕೆ ವಯಸ್ಸು ಲೆಕ್ಕ ಹಾಕುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದ 2012ರ ಅಧ್ಯಯನದಲ್ಲಿ, ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ. 30ರಷ್ಟು ಹೆಚ್ಚಾಗಿ ಈ ರೋಗನಿರ್ಣಯವೂ, ಶೇ. 41ರಷ್ಟು ಹೆಚ್ಚಾಗಿ ಔಷಧವೂ ದೊರೆತಿದ್ದವು. ಎಳೆತನವನ್ನೇ ಕಾಯಿಲೆಯೆಂದು ಓದಿದ ಪ್ರಸಂಗಗಳು ಅದರಲ್ಲಿ ಇದ್ದೇ ಇರಬೇಕು.

ಮೊಬೈಲ್ ಮುಂದೆ ಗಂಟೆಗಟ್ಟಲೆ ಕೂರುತ್ತಾನೆ ಎಂದು ಬರೆದಿದ್ದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಎಡಿಎಚ್‌ಡಿ ಇರುವ ಮಕ್ಕಳೂ ಹಾಗೆ ಕೂರುತ್ತಾರೆ. ಚೌಕಾಬಾರದಲ್ಲಾದರೋ ತನ್ನ ಸರದಿಗೆ ಕಾಯಬೇಕು. ಕಾಯಲಾಗದಿರುವುದು ಆ ಲಕ್ಷಣಗಳಲ್ಲೇ ಒಂದು. ಇದು ತೀರ್ಪಲ್ಲ, ಆದರೆ ವೈದ್ಯರಿಗೆ ಹೇಳಬೇಕಾದ ಸಂಗತಿ. ನಿಮ್ಮ ಮಾವನವರ ಮಾತನ್ನೂ ಹೇಳಿ. ಅವರು ಅದನ್ನು ಸಮಾಧಾನಕ್ಕೆಂದು ಹೇಳಿದ್ದರೂ, ಈ ತೊಂದರೆ ವಂಶಪಾರಂಪರ್ಯವಾಗಿ ಬರುವ ಸಾಧ್ಯತೆ ಹೆಚ್ಚಿರುವುದರಿಂದ, ವೈದ್ಯರು ಅದನ್ನು ಬೇರೆಯೇ ರೀತಿಯಲ್ಲಿ ಬರೆದುಕೊಳ್ಳುತ್ತಾರೆ.

‘ಕೊಟ್ಟು ನೋಡಿ, ಸುಧಾರಿಸಿದರೆ ಅದೇ ಕಾಯಿಲೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1978ರಲ್ಲಿ ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಮೀಥೈಲ್‌ಫೆನಿಡೇಟ್‌ನಂತೆಯೇ ಉತ್ತೇಜಕ ಔಷಧಗಳ ಗುಂಪಿಗೆ ಸೇರಿದ ಡೆಕ್ಸ್‌ಆಂಫೆಟಮೀನ್ ಕೊಟ್ಟಾಗ ಅವರ ಚಡಪಡಿಕೆಯೂ ಕಡಿಮೆಯಾಗಿತ್ತು, ಗಮನವೂ ಹೆಚ್ಚಿತ್ತು.

ಕಣ್ಣು, ಕಿವಿ ಪರೀಕ್ಷಿಸಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆಯೇ, ಓದುವ ಪಾಠದಲ್ಲಿ ಮಾತ್ರ ಎದ್ದು ಓಡುತ್ತಾನೆಯೇ ಎಂದು ಗಮನಿಸಿ. ನಿದ್ರೆಯ ಅಥವಾ ಕಲಿಕೆಯ ತೊಂದರೆ ಹೀಗೆಯೇ ಕಾಣಿಸಿಕೊಳ್ಳಬಹುದು. ಬಳಿಕ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗಕ್ಕಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕಾಗಲಿ ಹೋಗಿ. ಈ ವರ್ಷದ ಮತ್ತು ಕಳೆದ ವರ್ಷದ ಶಿಕ್ಷಕರಿಬ್ಬರಿಂದಲೂ ಬರೆಸಿಕೊಂಡು ಹೋಗಿ.

ಅಲ್ಲಿಯೂ ಎಡಿಎಚ್‌ಡಿ ಎಂದೇ ಖಚಿತವಾದರೆ ಮಾತ್ರೆಗೆ ಹೆದರಬೇಕಿಲ್ಲ, ಅದು ಅನೇಕ ಮಕ್ಕಳಿಗೆ ನಿಜಕ್ಕೂ ನೆರವಾಗುತ್ತದೆ. ಹಸಿವು ಮತ್ತು ನಿದ್ರೆ ತಗ್ಗಬಹುದಾದ್ದರಿಂದ ತೂಕ, ಎತ್ತರ, ರಕ್ತದೊತ್ತಡವನ್ನು ಆಗಾಗ ನೋಡಿಸಬೇಕು. ತಂದಿಟ್ಟ ಮಾತ್ರೆಯನ್ನು ಮಗನ ಕೈಗೆ ಸಿಗದಂತೆ ಇಟ್ಟು, ಹೋಗುವಾಗ ಚೀಟಿಯ ಜೊತೆ ಒಯ್ಯಿರಿ.