ಸೇಬಿನ ಎಲೆ ತುಂಬಾ ಕಲೆ, ಏನು ಹೊಡೆಯಲಿ?

ಪ್ರಶ್ನೆ: ಹಿತ್ತಲಲ್ಲಿ ಎರಡು ಸೇಬಿನ ಗಿಡಗಳಿವೆ. ಹೂ ಉದುರಿದ ಮೇಲೆ ಎಲೆಗಳಲ್ಲಿ ಮಾಸಲು ಹಸಿರು ಕಲೆ ಕಾಣಿಸಿತು, ಆಮೇಲೆ ಕಪ್ಪಾಯಿತು. ಈಗ ಎಲೆ ಹಳದಿಯಾಗಿ ಉದುರುತ್ತಿದೆ. ಕಾಯಿಗಳ ಮೇಲೂ ಒರಟು ಕಲೆ. ಬೇವಿನೆಣ್ಣೆ ಹೊಡೆದರೂ ಕಡಿಮೆಯಾಗಿಲ್ಲ. ಇನ್ನೂ ಜೋರಾದ ಔಷಧಿ ಬೇಕಾ? ಹಣ್ಣು ತಿನ್ನಬಹುದಾ?

ಉತ್ತರ: ಸದ್ಯಕ್ಕೆ ಪಂಪು ಕೆಳಗಿಡಿ. ನೀವು ಹೇಳಿದ್ದು ನೋಡಿದರೆ ಇದು ಸ್ಕ್ಯಾಬ್ ಎನ್ನುವ ಶಿಲೀಂಧ್ರ ರೋಗ. ಆದರೂ ಹೊಸದಾಗಿ ಕಲೆ ಬಿದ್ದ ಒಂದು ಎಲೆ ಕಿತ್ತು ಬೆಳಕಲ್ಲಿ ಹತ್ತಿರದಿಂದ ನೋಡಿ. ಕಲೆ ಮಖಮಲ್ಲಿನ ಹಾಗೆ ಇದ್ದು, ಅಂಚು ಇಲ್ಲಿಗೇ ಮುಗಿಯಿತು ಅಂತ ಹೇಳಲಾಗದ ಹಾಗೆ ಹರಡಿಕೊಂಡಿದ್ದರೆ ಸ್ಕ್ಯಾಬೇ. ಕಂದು ಕಲೆಯ ಸುತ್ತ ನೇರಳೆ ಉಂಗುರ ಇದ್ದರೆ ಅದು ಬೇರೆ ಚುಕ್ಕೆ ರೋಗ. ಹೊಳೆಯುವ ಕಿತ್ತಳೆ ಕಲೆಯಾದರೆ ತುಕ್ಕು ರೋಗ. ಅದು ಜುನಿಪರ್ ಜಾತಿಯ ಗಿಡದಿಂದ ಬರುತ್ತದೆಯೇ ಹೊರತು ಸೇಬಿನಿಂದ ಸೇಬಿಗೆ ಹರಡುವುದಿಲ್ಲ. ಚಿಗುರೆಲೆ ಬಿಳಿ ಪುಡಿ ಬಳಿದಂತಾಗಿ ಮುದುಡಿದ್ದರೆ ಬೂದಿ ರೋಗ, ಅಂಥ ಚಿಗುರನ್ನು ಕತ್ತರಿಸಿ ತೆಗೆದರೆ ಅರ್ಧ ಕೆಲಸ ಮುಗಿಯಿತು.

ಈಗ ಔಷಧಿಯ ಮಾತು. ಕಲೆ ಎದ್ದು ಕಾಣುವ ಹೊತ್ತಿಗೆ ಶಿಲೀಂಧ್ರ ಎಲೆಯೊಳಗೆ ಸೇರಿಕೊಂಡು ದಿನಗಳೇ ಆಗಿರುತ್ತವೆ, ಆಮೇಲೆ ಏನು ಹೊಡೆದರೂ ಆ ಕಲೆ ಮಾಯವಾಗುವುದಿಲ್ಲ. ಗಂಧಕ, ಕ್ಯಾಪ್ಟಾನ್ ಥರದ ಶಿಲೀಂಧ್ರನಾಶಕಗಳೆಲ್ಲ ಮುಂಚೆಯೇ ಎಲೆ ಕಾಯುವಂಥವು. ಮೊಗ್ಗಿನ ತುದಿ ಹಸಿರಾಗುವಾಗ ಶುರು ಮಾಡಿ, ಮಳೆ ನೋಡಿಕೊಂಡು 7ರಿಂದ 10 ದಿನಕ್ಕೊಮ್ಮೆ, ಹೂ ಉದುರಿ ಕೆಲವು ವಾರ ಆಗುವವರೆಗೆ ಹೊಡೆಯಬೇಕು. ಪ್ರಮಾಣ ಡಬ್ಬಿಯ ಮೇಲೆ ಇದ್ದಷ್ಟೇ, ಜಾಸ್ತಿ ಬೇಡ. ಎಣ್ಣೆ ಹೊಡೆದ ಬೆನ್ನಿಗೇ ಗಂಧಕವನ್ನಾಗಲೀ ಕ್ಯಾಪ್ಟಾನನ್ನಾಗಲೀ ಹೊಡೆಯಬೇಡಿ, ಎಲೆ ಸುಟ್ಟುಹೋಗುತ್ತದೆ. ನೀವು ಈಗಾಗಲೇ ಬೇವಿನೆಣ್ಣೆ ಹಾಕಿದ್ದೀರಲ್ವಾ, ಅದಕ್ಕೇ ಹೇಳಿದೆ.

ನನ್ನ ಕೇಳಿದರೆ ಔಷಧಿಗಿಂತ ಪೊರಕೆಗೇ ಮೊದಲ ಮರ್ಯಾದೆ. ಈ ಶಿಲೀಂಧ್ರ ಚಳಿಗಾಲ ಕಳೆಯುವುದು ಬುಡದಲ್ಲಿ ಬಿದ್ದ ಎಲೆಗಳಲ್ಲಿ. ಮುಂದಿನ ಚಿಗುರಿನ ಕಾಲಕ್ಕೆ ಮಳೆ ಬಿದ್ದರೆ ಅಲ್ಲಿಂದಲೇ ಬೀಜಕಣ ಚಿಮ್ಮಿ ಹೊಸ ಎಲೆಗೆ ತಾಗುತ್ತವೆ. ಹದವಾಗಿ ಬೆಚ್ಚಗಿರುವ ದಿನಗಳಲ್ಲಿ ಎಲೆ ಸುಮಾರು 9 ತಾಸು ಒದ್ದೆಯಾಗಿದ್ದರೆ ಸಾಕು, ರೋಗ ಹತ್ತಿತು ಅಂತಲೇ. ಹಾಗಾಗಿ ಬಿದ್ದ ಎಲೆ ಒಂದೂ ಬಿಡದೆ ಗುಡಿಸಿ ದೂರ ಹಾಕಿ. ಪೂರ್ತಿ ಗುಡಿಸಲು ಆಗದಿದ್ದರೆ ಲೀಟರ್ ನೀರಿಗೆ 50 ಗ್ರಾಂ ಯೂರಿಯಾ ಕರಗಿಸಿ ನೆಲದ ಎಲೆಗಳ ಮೇಲೆ ಸಿಂಪಡಿಸಿ, ಬೇಗ ಕೊಳೆಯುತ್ತವೆ. ಎಲೆ ಪೂರ್ತಿ ಉದುರಿದ ಮೇಲೆ ಒತ್ತಾದ ಕೊಂಬೆ ಸವರಿ, ಗಾಳಿ ಆಡಲಿ. ನೀರು ಬುಡಕ್ಕೆ ಹಾಕಿ, ಸುಮ್ನೆ ಪೈಪ್ ಹಿಡಿದು ಎಲೆ ನೆನೆಸಬೇಡಿ.

ಸ್ಕ್ಯಾಬಿನಿಂದ ಗಿಡ ಸಾಯುವುದು ಅಪರೂಪ. ಆದರೆ ಚಿಗುರಿನ ತುದಿ ಕರಿದಂತೆ ಕಪ್ಪಾಗಿ ಕೊಕ್ಕೆಯಂತೆ ಬಾಗಿದ್ದರೆ ಅದು ಫೈರ್ ಬ್ಲೈಟ್, ಬ್ಯಾಕ್ಟೀರಿಯಾದ ಕೆಲಸ. ಅದಕ್ಕೆ ತಡ ಮಾಡುವ ಹಾಗಿಲ್ಲ. ಒಣ ಹವೆಯಲ್ಲಿ, ರೋಗ ಕಂಡ ಜಾಗದಿಂದ 20-30 ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಹಣ್ಣು ಧಾರಾಳವಾಗಿ ತಿನ್ನಿ, ಒರಟು ಸಿಪ್ಪೆ ಹೆರೆದರಾಯಿತು. ಔಷಧಿ ಹೊಡೆದಿದ್ದರೆ ಮಾತ್ರ ಡಬ್ಬಿಯಲ್ಲಿ ಹೇಳಿದಷ್ಟು ದಿನ ಕಾದು ಕೊಯ್ಯಿರಿ. ಬಿರುಕು ಬಿಟ್ಟವು ಬೇಗ ಕೊಳೆಯುತ್ತವೆ, ಅವನ್ನು ಇಡಬೇಡಿ, ಮೊದಲು ಮುಗಿಸಿ.