ಐಕಿಡೊ: ಕಾಳಗದ ಪಟ್ಟುಗಳಿಗೆ ಅಹಿಂಸೆಯ ತತ್ತ್ವ ಸೇರಿಕೊಂಡದ್ದು ಹೇಗೆ?

ಜಪಾನಿನ ಯುದ್ಧವಿದ್ಯೆಯಾದ ಐಕಿಡೊ ಅಲ್ಲಿನ ಹಳೆಯ ಯೋಧರಾದ ಸಮುರಾಯ್‌ಗಳ ಕಾಲದಿಂದ ಬಂದದ್ದೇ, ಎದುರಾಳಿಗೆ ಹಾನಿ ಮಾಡದೆ ನಮ್ಮನ್ನು ನಾವು ಕಾಪಾಡಿಕೊಳ್ಳಬೇಕೆಂಬ ಅದರ ತತ್ತ್ವ ಮೊದಲಿನಿಂದಲೂ ಇತ್ತೇ, ಆತ್ಮರಕ್ಷಣೆಗೆ ಅದು ನಿಜವಾಗಿ ಒದಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಕೆಲವು ವರ್ಷ ಈ ವಿದ್ಯೆಯನ್ನು ಅಭ್ಯಾಸ ಮಾಡಿ, ಅದರ ಚರಿತ್ರೆಯನ್ನೂ ಆಸಕ್ತಿಯಿಂದ ಓದಿಕೊಂಡ ನನ್ನ ತಿಳಿವಳಿಕೆಯಂತೆ, ಐಕಿಡೊದ ಪಟ್ಟುಗಳ ಬೇರು ಹಳೆಯದು, ತತ್ತ್ವ ಇಪ್ಪತ್ತನೆಯ ಶತಮಾನದ್ದು. ಇವೆರಡೂ ಐಕಿಡೊ ಸ್ಥಾಪಕ ಮೊರಿಹೆಯ್ ಉಯೆಶಿಬಾ ಎಂಬ ಒಬ್ಬರ ಬದುಕಿನಲ್ಲಿ ಬೇರೆ ಬೇರೆ ಗುರುಗಳ ಮೂಲಕ ಬಂದು ಕೂಡಿಕೊಂಡವು.

ಉಯೆಶಿಬಾ 1883ರಲ್ಲಿ ವಾಕಾಯಾಮಾ ಪ್ರಾಂತದ ತನಾಬೆಯಲ್ಲಿ ಹುಟ್ಟಿದರು. 1912ರಲ್ಲಿ ತಮ್ಮ ಊರಿನ ಹಲವು ಕುಟುಂಬಗಳನ್ನು ಕರೆದುಕೊಂಡು ಉತ್ತರದ ಹೊಕ್ಕೈದೊ ದ್ವೀಪಕ್ಕೆ ಹೋಗಿ, ಶಿರಾತಾಕಿ ಎಂಬಲ್ಲಿ ಕಾಡು ಕಡಿದು ನೆಲೆ ನಿಂತರು. ಅಲ್ಲಿಗೆ ಸಮೀಪದ ಎಂಗಾರುವಿನಲ್ಲಿ 1915ರಲ್ಲಿ ಅವರಿಗೆ ಸೊಕಾಕು ತಾಕೆದಾ ಸಿಕ್ಕರು. ಐಜು ಪ್ರದೇಶದ ಸಮುರಾಯ್ ಮನೆತನದ ತಾಕೆದಾ ಗಿಡ್ಡ ಆಳು. ಸ್ವಂತ ಕಲಿಕಾಶಾಲೆಯೆಂದು ಒಂದನ್ನು ಕಟ್ಟದೆ ಊರೂರು ತಿರುಗಿ ದೈತೊ ಪಂಥದ ಜೂಜುತ್ಸು ಎಂಬ ಬರಿಗೈ ಕಾಳಗದ ವಿದ್ಯೆ ಕಲಿಸುತ್ತಿದ್ದರು, ಕಲಿತವರ ಹೆಸರುಗಳನ್ನು ತಪ್ಪದೆ ದಫ್ತರದಲ್ಲಿ ಬರೆಸಿಕೊಳ್ಳುತ್ತಿದ್ದರು. ಅವರು ಕಲಿಸಿದ್ದು ಮಣಿಕಟ್ಟು, ಮೊಣಕೈ, ಭುಜಗಳನ್ನು ತಿರುಚಿ ಎದುರಾಳಿಯನ್ನು ನೆಲಕ್ಕೆ ಕೆಡಹುವ, ಬೇಕಾದರೆ ಅಲ್ಲಿಯೇ ಕೀಲು ಮುರಿಯುವ ವಿದ್ಯೆ. ಪ್ರೀತಿ, ಸಾಮರಸ್ಯ ಮೊದಲಾದ ಮಾತುಗಳಿಗೆ ಅದರಲ್ಲಿ ಹೆಚ್ಚು ಜಾಗವಿರಲಿಲ್ಲ. ಇಂದು ಐಕಿಡೊದಲ್ಲಿ ಕಲಿಸುವ ಬಹುಪಾಲು ಪಟ್ಟುಗಳು ಅಲ್ಲಿಂದಲೇ ಬಂದವು.

ತತ್ತ್ವದ ಕಥೆ 1919ರ ಕೊನೆಯಲ್ಲಿ ಆರಂಭವಾಗುತ್ತದೆ. ತಂದೆಗೆ ಕಾಯಿಲೆ ಉಲ್ಬಣಿಸಿದೆಯೆಂಬ ಸುದ್ದಿ ತಿಳಿದು ಊರಿಗೆ ಹೊರಟ ಉಯೆಶಿಬಾ, ಪ್ರಾರ್ಥನೆ ಮಾಡಿಸಲೆಂದು ದಾರಿ ಬದಲಿಸಿ, ಕ್ಯೋಟೊ ಪ್ರಾಂತದ ಅಯಾಬೆಯಲ್ಲಿದ್ದ ಓಮೊತೊ ಪಂಥದ ಕೇಂದ್ರಕ್ಕೆ ಹೋದರು. ಜಪಾನಿನ ಮೂಲಧರ್ಮವಾದ ಶಿಂಟೊ ನಂಬಿಕೆಗಳ ನೆಲೆಯಲ್ಲಿ ಬೆಳೆದ ಈ ಹೊಸ ಪಂಥದ ನಾಯಕ ಒನಿಸಾಬುರೊ ದೆಗುಚಿ. ಎಲ್ಲ ಧರ್ಮಗಳ ಮೂಲ ಒಂದೇ, ಲೋಕವನ್ನು ಹೊಸದಾಗಿ ಕಟ್ಟಬೇಕು ಎಂಬುದು ಅವರ ಬೋಧನೆ. ತಂದೆ ಬದುಕಲಿಲ್ಲ. ಆದರೆ ಉಯೆಶಿಬಾ 1920ರಲ್ಲಿ ಸಂಸಾರಸಮೇತ ಅಯಾಬೆಗೇ ಬಂದು ನೆಲೆಸಿ, ಅಲ್ಲಿ ಬೇಸಾಯ ಮಾಡುತ್ತ, ಪಂಥದವರಿಗೆ ಯುದ್ಧವಿದ್ಯೆ ಕಲಿಸುತ್ತ ಉಳಿದರು. 1925ರಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ಮರದ ಕತ್ತಿ ಹಿಡಿದು ಮೇಲೆ ಬಿದ್ದಾಗ ಉಯೆಶಿಬಾ ತಿರುಗಿ ಹೊಡೆಯದೆ, ಪ್ರತಿಯೊಂದು ಏಟಿನಿಂದಲೂ ಸರಿದುಕೊಳ್ಳುತ್ತ ಅವರನ್ನು ದಣಿಸಿದರೆಂದೂ, ಆಮೇಲೆ ತೋಟದಲ್ಲಿ ತಮ್ಮನ್ನು ಹೊಂಬಣ್ಣದ ಬೆಳಕು ಆವರಿಸಿದಂತೆ ಅನುಭವವಾಯಿತೆಂದೂ ಅವರೇ ಹೇಳಿಕೊಂಡಿದ್ದಾರೆ. ಬೆಳಕಿನ ವಿಷಯದಲ್ಲಿ ವಾದಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹೊಡೆಯದೆ ಗೆಲ್ಲಬಹುದೆಂಬ ವಿಚಾರವನ್ನು ಅವರು ಮುಂದೆ ಈ ಪ್ರಸಂಗಕ್ಕೆ ಜೋಡಿಸಿಯೇ ಹೇಳುತ್ತಿದ್ದರೆಂಬುದಷ್ಟೇ ಇಲ್ಲಿ ಮುಖ್ಯ.

ಹಾಗೆಂದು ಅಂದಿನಿಂದಲೇ ಅವರು ಶಾಂತಿದೂತರಾದರೆಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಟೋಕಿಯೊದಲ್ಲಿ 1931ರಲ್ಲಿ ತೆರೆದ ಅವರ ಕೊಬುಕಾನ್ ಶಾಲೆಗೆ ಅಲ್ಲಿನ ಅಭ್ಯಾಸದ ಕಾಠಿಣ್ಯದಿಂದಾಗಿ ನರಕದ ಶಾಲೆ ಎಂಬ ಅಡ್ಡಹೆಸರಿತ್ತು; ಭೂಸೇನೆ ಮತ್ತು ನೌಕಾಸೇನೆಯ ತರಬೇತಿ ಸಂಸ್ಥೆಗಳಲ್ಲಿಯೂ ಅವರು ಕಲಿಸುತ್ತಿದ್ದರು. 1942ರಲ್ಲಿ ಅವರು ರಾಜಧಾನಿ ಬಿಟ್ಟು ಇಬಾರಾಕಿ ಪ್ರಾಂತದ ಇವಾಮಾ ಎಂಬ ಹಳ್ಳಿಗೆ ಹೋಗಿ ಹೊಲ ಉಳುತ್ತ ದೇಗುಲ ಕಟ್ಟಿಸತೊಡಗಿದರು. ಐಕಿಡೊ ಎಂಬ ಹೆಸರು ಅಧಿಕೃತವಾಗಿ ನಿಂತದ್ದೂ ಅದೇ ವರ್ಷ. ಯುದ್ಧದಲ್ಲಿ ಜಪಾನ್ ಸೋತ ನಂತರ ದೇಶವನ್ನು ವಶಕ್ಕೆ ತೆಗೆದುಕೊಂಡ ಮಿತ್ರರಾಷ್ಟ್ರಗಳ ಆಡಳಿತ ಯುದ್ಧವಿದ್ಯೆಗಳ ಮೇಲೆ ನಿರ್ಬಂಧ ಹೇರಿತು. 1948ರಲ್ಲಿ ಐಕಿಡೊದ ಮುಖ್ಯ ಸಂಸ್ಥೆಯಾದ ಐಕಿಕಾಯ್‌ಗೆ ಸರ್ಕಾರದ ಮನ್ನಣೆ ದೊರೆತ ಮೇಲೆ, ಉಯೆಶಿಬಾ ಅವರ ಮಗ ಕಿಶ್ಶೊಮಾರು ತಂದೆಯ ಗೂಢವಾದ ಶಿಂಟೊ ಮಾತುಗಳನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ತಿಳಿಗೊಳಿಸಿ, ಪಾಠಕ್ರಮವನ್ನು ಅಣಿಗೊಳಿಸಿ ಹೊರದೇಶಗಳಿಗೆ ತಲುಪಿಸಿದರು. ಇಂದು ಐಕಿಡೊದ ತತ್ತ್ವವೆಂದು ನಾವು ಕೇಳುವುದರಲ್ಲಿ ಮಗನ ಪಾಲೂ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಈ ತತ್ತ್ವ ಬರಿಯ ಮಾತಾಗಿ ಉಳಿಯದೆ ಪಟ್ಟುಗಳೊಳಗೂ ಇಳಿದಿದೆ. ಶಿಹೊನಾಗೆ ಎಂಬ ಪಟ್ಟಿನಲ್ಲಿ ಎದುರಾಳಿಯ ಕೈಯನ್ನು ಮೇಲೆತ್ತಿ, ಅದರಡಿಯಲ್ಲಿ ತಿರುಗಿ, ಮಡಿಚಿ ಹಿಂದಕ್ಕೆ ಕೆಡಹುತ್ತೇವೆ. ಅದೇ ಕೈಯನ್ನು ಅವನ ಮೈಯಿಂದ ದೂರಕ್ಕೆ ಎಳೆದರೆ ಮೊಣಕೈಗೂ ಭುಜಕ್ಕೂ ಏಟು ತಪ್ಪದು. ಅವನ ಭುಜಕ್ಕೆ ತಾಗುವಂತೆ ಮಡಿಚಿ ತಂದರೆ ಬೆನ್ನು ಬಾಗಿಸಿ ಸುರಕ್ಷಿತವಾಗಿ ಬೀಳಲು ಅವನಿಗೆ ದಾರಿ ಉಳಿಯುತ್ತದೆ. ಐಕಿಡೊ ಆರಿಸಿಕೊಂಡದ್ದು ಎರಡನೆಯದನ್ನು. ಬೀಳುವ ಕಲೆಯನ್ನು, ಅಂದರೆ ಉಕೆಮಿಯನ್ನು, ಕೆಡಹುವ ಕಲೆಯಷ್ಟೇ ಶ್ರದ್ಧೆಯಿಂದ ಕಲಿಸುವುದಕ್ಕೂ ಹೆಚ್ಚಿನ ಶಾಖೆಗಳಲ್ಲಿ ಪಂದ್ಯಗಳೇ ಇಲ್ಲದಿರುವುದಕ್ಕೂ ಕಾರಣ ಇದೇ. ಜೂಡೊ ಸ್ಥಾಪಕ ಜಿಗೊರೊ ಕಾನೊ 1930ರಲ್ಲಿ ಉಯೆಶಿಬಾ ಅವರ ವಿದ್ಯೆಯನ್ನು ಕಂಡು ಮೆಚ್ಚಿ ತಮ್ಮ ಶಿಷ್ಯರನ್ನು ಅವರ ಬಳಿ ಕಲಿಯಲು ಕಳುಹಿಸಿದ್ದರು. ಜೂಡೊದಿಂದಲೇ ಬಂದ ಇನ್ನೊಬ್ಬ ಶಿಷ್ಯ ಕೆಂಜಿ ತೊಮಿಕಿ ಮುಂದೆ ಸ್ಪರ್ಧೆಯುಳ್ಳ ಬೇರೊಂದು ಶಾಖೆಯನ್ನೇ ಕಟ್ಟಿದರು.

ಆತ್ಮರಕ್ಷಣೆಯ ಪ್ರಶ್ನೆಗೆ ಬಂದರೆ, ಸಾಮಾನ್ಯ ತರಗತಿಯಲ್ಲಿ ಜೊತೆಗಾರ ಯಾವ ಏಟು ಹಾಕುತ್ತಾನೆಂದು ಮೊದಲೇ ಗೊತ್ತಿರುತ್ತದೆ, ಅವನು ಬೀಳಲೂ ಸಿದ್ಧನಾಗಿಯೇ ಬಂದಿರುತ್ತಾನೆ. ಬೀದಿಯಲ್ಲಿ ಮೇಲೆರಗುವವನು ಹಾಗಿರುವುದಿಲ್ಲ. ನೆತ್ತಿಗೆ ಮೇಲಿನಿಂದ ಹೊಡೆಯುವ ಶೊಮೆನ್ ಉಚಿಯಂಥ ಏಟುಗಳು ಕತ್ತಿಯ ವರಸೆಯಿಂದ ಬಂದವು, ಇಂದಿನ ಕೈಕಾಳಗದಲ್ಲಿ ಅಪರೂಪ. ಆದುದರಿಂದ ಮೂರು ತಿಂಗಳಲ್ಲಿ ರಕ್ಷಣೆಯ ಉಪಾಯ ಬೇಕೆನ್ನುವವರಿಗೆ ನಾನು ಐಕಿಡೊವನ್ನು ಸೂಚಿಸುವುದಿಲ್ಲ. ವರ್ಷಗಟ್ಟಲೆ ಕಲಿಯುವ ತಾಳ್ಮೆ ತಮಗಿದ್ದರೆ, ಸೇರುವ ಮುನ್ನ ಒಂದು ತರಗತಿಯನ್ನು ಕುಳಿತು ನೋಡಿರಿ. ಹಿಡಿತ ಸರಿಯಿಲ್ಲದಾಗಲೂ ಹಿರಿಯ ವಿದ್ಯಾರ್ಥಿಗಳು ಗುರುಗಳ ಗೌರವಕ್ಕಾಗಿ ತಾವಾಗಿಯೇ ಬೀಳುತ್ತಿದ್ದಾರೆಂದು ಕಂಡುಬಂದರೆ ಬೇರೆ ಶಾಲೆ ಹುಡುಕುವುದು ಒಳ್ಳೆಯದು.