ಸ್ಮೋಕರ್‌ನಲ್ಲಿ ಮುಸುಕಿನ ಜೋಳದ ತೆನೆ: ಸಿಪ್ಪೆ ಇರಬೇಕಾ, ಬೇಡವಾ?

ಸ್ಮೋಕರ್‌ನಲ್ಲಿ, ಅಂದರೆ ಕಟ್ಟಿಗೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಸಾಧನದಲ್ಲಿ, ತೆನೆ ಇಡುವ ಮೊದಲು ಸಿಪ್ಪೆ ಪೂರ್ತಿ ತೆಗೆದುಬಿಡಿ. ಮಾಂಸ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುವಾಗ ಪಕ್ಕದಲ್ಲೇ ಸಿಪ್ಪೆ ಸಮೇತ ತೆನೆ ಇಟ್ಟೆ, ಎರಡೂವರೆ ಗಂಟೆ ಬಿಟ್ಟು ತೆಗೆದರೆ ಕಾಳೆಲ್ಲ ಸುಕ್ಕಾಗಿತ್ತು, ಹೊಗೆಯ ರುಚಿಯೂ ಹತ್ತಿರಲಿಲ್ಲ ಅಂತ ಬರೆದಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ. ಸಿಪ್ಪೆ ಪದರ ಪದರವಾಗಿ ತೆನೆಯನ್ನು ಸುತ್ತಿಕೊಂಡಿರುತ್ತದೆ. ಹೊಗೆ ಅದರ ಮೇಲೇ ಕೂರುತ್ತದೆ, ಒಳಗಿನ ಕಾಳು ತನ್ನದೇ ಹಬೆಯಲ್ಲಿ ಬೇಯುತ್ತದೆ. ಹಬೆಯಲ್ಲೇ ಬೇಯಿಸುವುದಾದರೆ ಸ್ಮೋಕರ್ ಯಾಕೆ ಬೇಕು, ಒಲೆ ಸಾಕಲ್ವಾ? ಫಾಯಿಲ್ ಸುತ್ತಿದರೂ ಇದೇ ಕತೆ.

ಸುಕ್ಕಾಗಿದ್ದು ಹೊತ್ತು ಜಾಸ್ತಿಯಾಗಿದ್ದಕ್ಕೆ. ಗಟ್ಟಿ ಮಾಂಸದಲ್ಲಿ ಕೊಲಾಜನ್ ಅನ್ನುವ ನಾರಿನಂಥ ಪ್ರೋಟೀನ್ ಇರುತ್ತದೆ, ಅದು ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಬೇಕು. ಜೋಳದಲ್ಲಿ ಅಂಥದ್ದೇನೂ ಇಲ್ಲ. ಕಾಳಿನ ಪಿಷ್ಟ 70 ಡಿಗ್ರಿ ಸುಮಾರಿಗೇ ಬೆಂದಿರುತ್ತದೆ, ಆಮೇಲೆ ಒಳಗೆ ಇದ್ದಷ್ಟು ಹೊತ್ತೂ ಸುಮ್ನೆ ನೀರು ಕಳೆದುಕೊಳ್ಳುತ್ತದೆ, ಅಷ್ಟೇ.

ನಾನು ಮಾಡುವುದು ಹೀಗೆ. ಸಿಪ್ಪೆ, ನಾರು ಎಲ್ಲ ತೆಗೆದು ತೆನೆಯನ್ನು ತೊಳೆದು ಫ್ರಿಜ್‌ನಲ್ಲಿಡುತ್ತೇನೆ. ತಣ್ಣಗೆ, ಒದ್ದೆಯಾಗಿದ್ದಾಗಲೇ ನೇರವಾಗಿ ಸ್ಮೋಕರ್‌ಗೆ. ತಣ್ಣನೆಯ ಒದ್ದೆ ಮೈಗೆ ಹೊಗೆ ಚೆನ್ನಾಗಿ ಅಂಟುತ್ತದೆ, ಒಣಗಿ ಬಿಸಿಯಾದ ಮೈಗೆ ಅಷ್ಟು ಅಂಟುವುದಿಲ್ಲ. ಹಾಗಾಗಿ ಮೊದಲ ಇಪ್ಪತ್ತು ನಿಮಿಷವೇ ಬೆಲೆಬಾಳುವ ಹೊತ್ತು, ಆಗ ಮುಚ್ಚಳ ತೆಗೆದು ನೋಡುತ್ತಾ ಕೂರಬೇಡಿ. ಅದಾದ ಮೇಲೆ ಒಂದು ಸಲ ತೆಗೆದು ಕರಗಿಸಿದ ಬೆಣ್ಣೆಯನ್ನು ತೆಳುವಾಗಿ ಸವರಿ ತಿರುಗಿಸಿಡಿ. ಜಿಡ್ಡಿನ ಪದರ ಇದ್ದರೆ ಕಾಳು ಬೇಗ ಒಣಗುವುದಿಲ್ಲ. 107 ರಿಂದ 121 ಡಿಗ್ರಿ ಒಳಗೆ, ಅಂದರೆ 225 ರಿಂದ 250 ಫ್ಯಾರನ್‌ಹೀಟ್‌ನಲ್ಲಿ, ಎಲ್ಲ ಸೇರಿ ಮುಕ್ಕಾಲರಿಂದ ಒಂದು ಗಂಟೆ ಸಾಕು. ಗಡಿಯಾರಕ್ಕಿಂತ ಕಾಳನ್ನು ನಂಬಿ: ಉಗುರಿನಿಂದ ಒತ್ತಿದರೆ ರಸ ಚಿಮ್ಮಬೇಕು, ಹಸಿ ವಾಸನೆ ಹೋಗಿರಬೇಕು.

ಇಷ್ಟಾದರೂ ತೆನೆ ಮಂಕಾಗಿ, ಹಳದಿಯಾಗಿಯೇ ಕಾಣುತ್ತದೆ. ಅಷ್ಟು ಕಡಿಮೆ ಬಿಸಿಯಲ್ಲಿ, ಮೈಯಲ್ಲಿ ನೀರಿರುವಾಗ, ಕಾಳು ಕಂದು ಬಣ್ಣಕ್ಕೆ ತಿರುಗುವುದೇ ಇಲ್ಲ. ಕೊನೆಗೆ ಎರಡು ಮೂರು ನಿಮಿಷ ಜೋರು ಕೆಂಡದ ಮೇಲೆ ಹೊರಳಿಸಲೇಬೇಕು, ಅಲ್ಲಲ್ಲಿ ಕಪ್ಪು ಚುಕ್ಕೆ ಬರುವ ತನಕ. ಇದನ್ನು ಬಿಡುವವರೇ ಜಾಸ್ತಿ, ಆಮೇಲೆ ಸ್ಮೋಕರ್ ಜೋಳ ಸಪ್ಪೆ ಅನ್ನುತ್ತಾರೆ. ಮಾಂಸವನ್ನು ಹೊರಗೆ ತೆಗೆದು ಕತ್ತರಿಸುವ ಮೊದಲು ಸ್ವಲ್ಪ ಹೊತ್ತು ಹಾಗೇ ಬಿಡುತ್ತೀರಲ್ಲ, ಈ ಕೆಲಸಕ್ಕೆ ಅದೇ ಸರಿಯಾದ ಸಮಯ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಮಾಂಸ ಇಳಿಸಲು ಒಂದು ಗಂಟೆ ಇರುವಾಗ ತೆನೆ ಇಡಿ.

ಕಟ್ಟಿಗೆ ವಿಷಯದಲ್ಲಿ ನನ್ನ ಮತ ಸೇಬು ಅಥವಾ ಚೆರ್ರಿಗೆ. ಹಿಕರಿ, ಮೆಸ್ಕೀಟ್ ಅನ್ನುವ ಮರಗಳ ಹೊಗೆ ಕಟು. ಹಿಕರಿ ಆದರೆ ಸ್ವಲ್ಪವೇ ಹಾಕಿ, ಮೆಸ್ಕೀಟ್ ಬೇಡವೇ ಬೇಡ, ಜೋಳದ ಸಿಹಿಯನ್ನೆಲ್ಲ ಅದು ನುಂಗಿಬಿಡುತ್ತದೆ. ಯಾವ ಕಟ್ಟಿಗೆಯಾದರೂ ದಟ್ಟ ಬಿಳಿ ಹೊಗೆ ಬರುತ್ತಿರುವಾಗ ತೆನೆ ಇಡಬೇಡಿ. ಅದು ಸರಿಯಾಗಿ ಉರಿಯದ ಕಟ್ಟಿಗೆಯ ಹೊಗೆ, ಕಹಿ ಹತ್ತುತ್ತದೆ. ತೆಳ್ಳಗೆ, ನೀಲಿ ಛಾಯೆಯ ಹೊಗೆ ಬರುವ ತನಕ ಕಾಯಿರಿ. ಇನ್ನೊಂದು ಮಾತು, ಹಸಿ ಕೋಳಿಯನ್ನೋ ಮಾಂಸವನ್ನೋ ಮೇಲಿಟ್ಟು ಅದರ ಕೆಳಗೆ ಜೋಳ ಇಡಬೇಡಿ, ರಸ ತೊಟ್ಟಿಕ್ಕುತ್ತದೆ.

ತೆನೆ ಆದಷ್ಟು ತಾಜಾ ಇರಲಿ. ಕಿತ್ತ ಕ್ಷಣದಿಂದಲೇ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ, ತಂಪಿನಲ್ಲಿಟ್ಟರೆ ನಿಧಾನವಾಗುತ್ತದೆ. ಹಳೆಯ ತೆನೆಯೇ ಸಿಕ್ಕಿದ್ದರೆ ಇಡಿಯಾಗಿ ಬಡಿಸುವ ಹಟ ಬೇಡ. ಹೊಗೆ ಹತ್ತಿದ ಮೇಲೆ ಕಾಳನ್ನು ಚಾಕುವಿನಿಂದ ಕೊಯ್ದು, ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ, ಸ್ವಲ್ಪ ಕ್ರೀಮ್, ಉಪ್ಪು, ಮೆಣಸಿನ ಪುಡಿ ಹಾಕಿ ಕುದಿಸಿ. ನಿಂಬೆರಸ ಮಾತ್ರ ಕೆಳಗಿಳಿಸಿದ ಮೇಲೆ ಹಿಂಡಿ, ಕುದಿಯುವಾಗ ಹಾಕಿದರೆ ಕ್ರೀಮ್ ಒಡೆಯಬಹುದು.